ಒಳಗೆ ಏನು ಬರುತ್ತದೋ ಗೊತ್ತಿಲ್ಲ, ಆದರೂ ಕಟ್ಟಬೇಕು

2001ರಲ್ಲಿ ಕಲಾವಿದ ಒಲಾಫರ್ ಎಲಿಯಾಸನ್ ಆಸ್ಟ್ರಿಯಾದ ಬ್ರೆಗೆನ್ಜ್ ಊರಿನ ಕಲಾ ಮ್ಯೂಸಿಯಂನೊಳಗೆ ಕೆರೆ ಮಾಡಿದರು. ಒಂದು ಮಹಡಿಯ ತುಂಬ ನೀರು ನಿಲ್ಲಿಸಿ, ಅದರ ಮೇಲೆ ಹಸಿರು ಪಾಚಿಯಂಥ ಜಲಸಸ್ಯ ತೇಲಿಬಿಟ್ಟರು. ನೋಡಲು ಬಂದವರು ಹಲಗೆಯ ದಾರಿಯ ಮೇಲೆ ನಡೆದು ದಾಟಬೇಕಿತ್ತು. ಅದರ ಮೇಲಿನ ಮಹಡಿಯಲ್ಲಿ ಮಣ್ಣು ತಂದು ಇಳಿಜಾರಾಗಿ ಗಟ್ಟಿಸಿದರು. ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಮಂಜು ತುಂಬಿಸಿ ತೂಗುಸೇತುವೆ ಕಟ್ಟಿದರು. ನೆಲಮಹಡಿಯಲ್ಲಿ ಅಣಬೆ ಬೆಳೆಯುವ ಮರದ ತುಂಡುಗಳು. ಆ ಕಟ್ಟಡ ತೆರೆದು ಆಗ ನಾಲ್ಕೇ ವರ್ಷವಾಗಿತ್ತು. ಅದರ ನಕ್ಷೆ ಬರೆಯುವಾಗ ಇಲ್ಲಿಗೆ ನೀರು, ಮಣ್ಣು, ಮಂಜು ಬರುತ್ತವೆ ಅಂತ ಯಾರಿಗೂ ಊಹಿಸಲು ಸಾಧ್ಯವಿರಲಿಲ್ಲ.

ಸಮಕಾಲೀನ ಕಲೆಗೆ ಮನೆ ಕಟ್ಟುವ ಕೆಲಸದ ಮುಖ್ಯ ಕಷ್ಟ ಇದೇ. ಹಳೆಯ ಕಲೆಯ ಮ್ಯೂಸಿಯಂ ಕಟ್ಟುವವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಇಷ್ಟು ಚಿತ್ರ, ಇಷ್ಟು ವಿಗ್ರಹ, ಅತಿ ದೊಡ್ಡದು ಇಷ್ಟು ಅಡಿ, ಅತಿ ಭಾರದ್ದು ಇಷ್ಟು ಟನ್. ಅಳತೆ ಹಿಡಿದು ಕೋಣೆ ಮಾಡಬಹುದು. ಸಮಕಾಲೀನ ಕಲೆಯ ಮ್ಯೂಸಿಯಂಗೆ ಆ ಪಟ್ಟಿಯೇ ಇರುವುದಿಲ್ಲ. ಅಲ್ಲಿ ಮುಂದೆ ಬರಬೇಕಾದ ಕೃತಿಗಳು ಇನ್ನೂ ಹುಟ್ಟಿಲ್ಲ. ಅವುಗಳನ್ನು ಮಾಡಬೇಕಾದವರು ಇನ್ನೂ ಶಾಲೆಯಲ್ಲಿರಬಹುದು.

ರಾಜಧಾನಿಯ ದೊಡ್ಡ ಮ್ಯೂಸಿಯಂಗಳು ಇದನ್ನು ಹೇಗೋ ನಿಭಾಯಿಸುತ್ತವೆ. ಒಂದು ಹಾಲ್ ಸರಿಹೋಗದಿದ್ದರೆ ಇನ್ನೊಂದು ಇರುತ್ತದೆ. ಅದೂ ಆಗದಿದ್ದರೆ ಪಕ್ಕದಲ್ಲಿ ಹೊಸ ಕಟ್ಟಡವೇ ಎದ್ದೇಳುತ್ತದೆ. ಒಂದು ಪ್ರಾಂತ್ಯದ ಸರ್ಕಾರವೋ ಸಣ್ಣ ನಗರವೋ ನಡೆಸುವ ಮ್ಯೂಸಿಯಂಗೆ ಈ ಅನುಕೂಲ ಇಲ್ಲ. ಇರುವುದು ನಾಲ್ಕೈದು ಗ್ಯಾಲರಿ, ಕಡಿಮೆ ಸಿಬ್ಬಂದಿ, ವರ್ಷಕ್ಕೊಮ್ಮೆ ಚೌಕಾಸಿ ಮಾಡಿ ಪಡೆಯುವ ಹಣ. ಹಾಗಾಗಿ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳು ಸಣ್ಣ ಊರುಗಳಲ್ಲೇ ಜಾಸ್ತಿ ಸ್ಪಷ್ಟವಾಗಿ ಕಾಣುತ್ತವೆ ಅನ್ನುವುದು ನನ್ನ ಅನಿಸಿಕೆ.

ನೆಲ, ಬಾಗಿಲು, ಬೆಳಕು, ಗಾಳಿ

ಹೊರಗಿನಿಂದ ನೋಡುವವರು ಮೊದಲು ಕಟ್ಟಡದ ಆಕಾರ ನೋಡುತ್ತಾರೆ. ಒಳಗೆ ಕೆಲಸ ಮಾಡುವವರು ಮೊದಲು ಕೇಳುವುದು ಬೇರೆ. ಲಾರಿ ಎಲ್ಲಿ ನಿಲ್ಲುತ್ತದೆ? ಸರಕಿನ ಲಿಫ್ಟ್ ಎಷ್ಟು ಅಗಲ? ನೆಲ ಎಷ್ಟು ಭಾರ ತಾಳುತ್ತದೆ?

ಇವು ಸಣ್ಣ ಪ್ರಶ್ನೆಗಳಲ್ಲ. ಗ್ಯಾಲರಿಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ ಸುಮಾರು 500 ಕಿಲೋ ತಾಳುವ ಹಾಗೆ ಲೆಕ್ಕ ಹಾಕುತ್ತಾರೆ. ಆಫೀಸಿನ ನೆಲಕ್ಕೆ ಇದರ ಅರ್ಧದಷ್ಟು ಸಾಕು. ಆದರೆ ರಿಚರ್ಡ್ ಸೆರಾ ಅವರಂಥ ಶಿಲ್ಪಿಯ ಉಕ್ಕಿನ ಹಾಳೆಗಳು ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಸ್ಪೇನ್‌ನ ಬಿಲ್ಬಾವೋ ನಗರದ ಗುಗ್ಗೆನ್‌ಹೈಮ್ ಮ್ಯೂಸಿಯಂನಲ್ಲಿ 2005ರಿಂದ ಇರುವ ಅವರ ಒಂದು ಕೃತಿಸಮೂಹ ಸಾವಿರ ಟನ್‌ಗೂ ಹೆಚ್ಚು ತೂಗುತ್ತದೆ. ಅಂಥದ್ದನ್ನು ಮೇಲಿನ ಮಹಡಿಯಲ್ಲಿ ಇಡುವ ಮಾತೇ ಇಲ್ಲ. ಹಾಗೇ, ಹಾಲ್ ಹತ್ತು ಮೀಟರ್ ಎತ್ತರ ಇದ್ದು ಅದಕ್ಕೆ ಹೋಗುವ ಬಾಗಿಲು ಮೂರು ಮೀಟರ್ ಇದ್ದರೆ, ಆ ಹಾಲ್‌ಗೆ ಮೂರು ಮೀಟರಿನದೇ ಕಲೆ ಬರುತ್ತದೆ. ಇಲ್ಲದಿದ್ದರೆ ತುಂಡು ಮಾಡಿ ತಂದು ಒಳಗೆ ಜೋಡಿಸಬೇಕು.

ಬೆಳಕಿನ ವಿಷಯ ಇನ್ನೂ ಸೂಕ್ಷ್ಮ. ಬೆಳಕು ಬಣ್ಣವನ್ನು ತಿನ್ನುತ್ತದೆ, ಕಾಗದವನ್ನು ಹಳದಿ ಮಾಡುತ್ತದೆ. ಒಮ್ಮೆ ಆದ ಹಾನಿ ವಾಪಸ್ ಬರುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ಬೆಳಕು ಎಷ್ಟು ಬೀಳುತ್ತದೆ ಎಂಬುದನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. 50 ಲಕ್ಸ್ ಬೆಳಕಿನಲ್ಲಿ ಹತ್ತು ಗಂಟೆ ಇಟ್ಟರೂ ಒಂದೇ, 500 ಲಕ್ಸ್‌ನಲ್ಲಿ ಒಂದು ಗಂಟೆ ಇಟ್ಟರೂ ಸುಮಾರಾಗಿ ಒಂದೇ. ಅದಕ್ಕೇ ಕಾಗದ, ಬಟ್ಟೆ, ಜಲವರ್ಣದ ಕೃತಿಗಳಿಗೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್‌ವರೆಗೆ ಎಂಬ ರೂಢಿ ಬೆಳೆದಿದೆ. ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಅಂದರೆ ವಾಸ್ತುಶಿಲ್ಪಿ ಬಿಸಿಲನ್ನು 500ರಿಂದ 2000 ಪಟ್ಟು ಕಡಿಮೆ ಮಾಡಿ ಒಳಗೆ ಬಿಡಬೇಕು, ಆದರೂ ಅದು ಹಗಲಿನ ಬೆಳಕು ಅಂತ ಕಣ್ಣಿಗೆ ಅನ್ನಿಸಬೇಕು. ಹಗಲು ಬೆಳಕೇ ಬೇಡ, ಕಿಟಕಿ ಮುಚ್ಚಿ ದೀಪ ಹಾಕಿ ಅಂತ ಹೇಳುವವರೂ ಇದ್ದಾರೆ. ವಿಡಿಯೋ ಕಲೆ ಬಂದ ಮೇಲೆ ಅವರ ವಾದಕ್ಕೆ ಬಲ ಬಂದಿದೆ. ಪ್ರೊಜೆಕ್ಟರ್‌ಗೆ ಬೇಕಾಗಿರುವುದು ಕತ್ತಲು, ಜೊತೆಗೆ ಪಕ್ಕದ ಕೋಣೆಯ ಸದ್ದು ನುಗ್ಗದ ಗೋಡೆ.

ಇನ್ನು ಗಾಳಿ. ಮರ, ಕ್ಯಾನ್ವಾಸ್, ಕಾಗದ ಇವೆಲ್ಲ ಗಾಳಿಯ ತೇವ ಹೀರಿ ಹಿಗ್ಗುತ್ತವೆ, ಬಿಟ್ಟು ಕುಗ್ಗುತ್ತವೆ. ಮೇಲಿನ ಬಣ್ಣದ ಪದರ ಅಷ್ಟೇ ವೇಗದಲ್ಲಿ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಚಳಿ ದೇಶಗಳಲ್ಲಿ ಇದು ದೊಡ್ಡ ತಲೆನೋವು. ಹೊರಗಿನ ತಣ್ಣನೆ ಗಾಳಿಯನ್ನು ಒಳಗೆ ತಂದು ಬಿಸಿ ಮಾಡಿದರೆ ಅದು ಒಣಗಾಳಿ ಆಗಿಬಿಡುತ್ತದೆ. ಆಗ ತೇವ ಸೇರಿಸಬೇಕು. ನೋಡಲು ಬಂದ ಜನರೂ ಈ ಲೆಕ್ಕದಲ್ಲಿ ಸೇರುತ್ತಾರೆ. ಸುಮ್ನೆ ನಿಂತ ಒಬ್ಬ ಮನುಷ್ಯ ಹೆಚ್ಚುಕಡಿಮೆ 100 ವಾಟ್ ಶಾಖ ಬಿಡುತ್ತಾನೆ, ಉಸಿರಿನ ಜೊತೆ ತೇವವನ್ನೂ ಬಿಡುತ್ತಾನೆ. ಉದ್ಘಾಟನೆಯ ಸಂಜೆ ಮುನ್ನೂರು ಜನ ಸೇರಿದರೆ 30 ಕಿಲೋವಾಟ್‌ನ ಹೀಟರ್ ಹಚ್ಚಿಟ್ಟ ಹಾಗೆ.

ಹೀಗಾಗಿ ಬಹಳ ಕಾಲ ಮ್ಯೂಸಿಯಂಗಳು 20 ಡಿಗ್ರಿ ಆಸುಪಾಸಿನ ಉಷ್ಣತೆ, 50 ಶೇಕಡಾ ತೇವಾಂಶ, ಅದರಲ್ಲಿ 5ರಷ್ಟು ಮಾತ್ರ ಏರಿಳಿತ ಎಂಬ ಬಿಗಿ ನಿಯಮ ಪಾಲಿಸಿದವು. ಕೃತಿಗಳನ್ನು ಎರವಲು ಕೊಡುವ ದೊಡ್ಡ ಮ್ಯೂಸಿಯಂಗಳು ಇದನ್ನು ಷರತ್ತಾಗಿ ಕೇಳುತ್ತಿದ್ದವು. ಷರತ್ತು ಪೂರೈಸಲು ಸಣ್ಣ ಊರಿನ ಮ್ಯೂಸಿಯಂ ಕೂಡ ವರ್ಷಪೂರ್ತಿ, ಹಗಲು ರಾತ್ರಿ ಯಂತ್ರ ಓಡಿಸಬೇಕು. ಕಟ್ಟುವ ಖರ್ಚು ಒಮ್ಮೆ ಬರುತ್ತದೆ, ಕರೆಂಟ್ ಬಿಲ್ ಪ್ರತಿ ತಿಂಗಳೂ ಬರುತ್ತದೆ ಅಲ್ವಾ?

ಬ್ರೆಗೆನ್ಜ್: ಒಂದೇ ಒಂದು ಕೋಣೆ, ಮೂರು ಸಲ

ಈಗ ಮತ್ತೆ ಬ್ರೆಗೆನ್ಜ್‌ಗೆ ಬರೋಣ. ಈ ಮ್ಯೂಸಿಯಂನ ಹೆಸರು ಕುನ್ಸ್ಟ್‌ಹೌಸ್ ಬ್ರೆಗೆನ್ಜ್. ಕಾನ್‌ಸ್ಟನ್ಸ್ ಸರೋವರದ ದಂಡೆಯಲ್ಲಿದೆ. ಕಟ್ಟಿಸಿದ್ದು ಆಸ್ಟ್ರಿಯಾದ ಫೋರಾರ್ಲ್‌ಬರ್ಗ್ ಪ್ರಾಂತ್ಯ. ವಾಸ್ತುಶಿಲ್ಪಿ ಸ್ವಿಟ್ಜರ್ಲೆಂಡಿನ ಪೀಟರ್ ಝುಮ್ಟೋರ್. 1997ರ ಬೇಸಿಗೆಯಲ್ಲಿ ತೆರೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಸ್ತುಶಿಲ್ಪಿ ಫ್ರ್ಯಾಂಕ್ ಗೆಹ್ರಿಯ ಬಿಲ್ಬಾವೋ ಗುಗ್ಗೆನ್‌ಹೈಮ್ ತೆರೆದು ಪ್ರಪಂಚದ ಗಮನವನ್ನೆಲ್ಲ ಎಳೆದುಕೊಂಡಿತು. ಅದಾದ ಮೇಲೆ ಊರೂರಿನ ಆಡಳಿತಗಳಿಗೆ ಹೊಳೆಯುವ, ತಿರುಚಿದ ಕಟ್ಟಡದ ಹುಚ್ಚು ಹಿಡಿಯಿತು. ಬ್ರೆಗೆನ್ಜ್‌ನ ಡಬ್ಬಿಯಂಥ ಕಟ್ಟಡದಿಂದ ಕಲಿಯುವುದು ಅದಕ್ಕಿಂತ ಜಾಸ್ತಿ ಇತ್ತು ಅಂತ ನನಗೆ ಅನ್ನಿಸುತ್ತದೆ.

ಹೊರಗೆ ಮರಳುಗಾಜಿನಂತೆ ಮಂಕಾದ 712 ಗಾಜಿನ ಹಲಗೆಗಳು. ಎಲ್ಲವೂ ಒಂದೇ ಅಳತೆ, ಒಂದೊಂದೂ ಸುಮಾರು 250 ಕಿಲೋ. ಅವನ್ನು ಉಕ್ಕಿನ ಚೌಕಟ್ಟಿಗೆ ಕ್ಲಿಪ್ ಹಾಕಿ ನಿಲ್ಲಿಸಿದ್ದಾರೆ. ಗಾಜಿಗೆ ತೂತು ಕೊರೆದಿಲ್ಲ. ಹೆಂಚಿನ ಹಾಗೆ ಸ್ವಲ್ಪ ಸ್ವಲ್ಪ ಓರೆಯಾಗಿ ಇರುವುದರಿಂದ ಸಂದುಗಳಲ್ಲಿ ಗಾಳಿ ಆಡುತ್ತದೆ. ಈ ಗಾಜಿನ ಹೊದಿಕೆ ಒಳಗಿನ ಕಾಂಕ್ರೀಟಿಗೆ ತಾಗದೆ ತನ್ನ ಕಾಲ ಮೇಲೆ ತಾನೇ ನಿಂತಿದೆ. ಎರಡರ ನಡುವೆ ಜಾಗ ಇದೆ. ಆ ಜಾಗದ ಮೂಲಕ ಬೆಳಕು ನೆಲಮಾಳಿಗೆಯವರೆಗೂ ಇಳಿಯುತ್ತದೆ.

ಒಳಗೆ ಹೋದರೆ ವಿಚಿತ್ರ ಅನುಭವ. ಪ್ರದರ್ಶನದ ಮಹಡಿಗಳಲ್ಲಿ ಕಿಟಕಿ ಇಲ್ಲ. ಸುತ್ತ ಬೂದು ಕಾಂಕ್ರೀಟ್. ಆದರೂ ಮೇಲಿನಿಂದ ಹಗಲು ಬೆಳಕು ಬೀಳುತ್ತಿರುತ್ತದೆ. ಕೊನೆಯ ಮಹಡಿಗಾದರೆ ಛಾವಣಿ ಇದೆ ಅನ್ನಬಹುದು, ಮೊದಲ ಮಹಡಿಗೆ ಮೇಲಿನಿಂದ ಬಿಸಿಲು ಹೇಗೆ? ಗುಟ್ಟು ಇಷ್ಟೇ. ಪ್ರತಿ ಮಹಡಿಯ ಗಾಜಿನ ಸೀಲಿಂಗ್‌ಗೂ ಅದರ ಮೇಲಿನ ಕಾಂಕ್ರೀಟ್ ನೆಲಕ್ಕೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರದ ಖಾಲಿ ಜಾಗ ಬಿಟ್ಟಿದ್ದಾರೆ. ಹೊರಗಿನ ಬೆಳಕು ನಾಲ್ಕೂ ಕಡೆಯಿಂದ ಆ ಜಾಗಕ್ಕೆ ಅಡ್ಡಲಾಗಿ ನುಗ್ಗುತ್ತದೆ, ಅಲ್ಲಿ ಚದುರಿ, ಮಂಕು ಗಾಜಿನ ಮೂಲಕ ಕೆಳಗೆ ಇಳಿಯುತ್ತದೆ. ಮೊದಲು ಹೊರಗಿನ ಗಾಜು, ಆಮೇಲೆ ಒಳಗಿನ ಗಾಜು, ಕೊನೆಗೆ ಸೀಲಿಂಗ್. ಮೂರು ಕಡೆ ಸೋಸಿದ ಬೆಳಕು. ಮೋಡ ಬಂದರೆ ಕೋಣೆ ಮಬ್ಬಾಗುತ್ತದೆ. ಗೋಡೆಯ ಹತ್ತಿರ ಬೆಳಕು ಜಾಸ್ತಿ, ನಡುವೆ ಕಡಿಮೆ. ಕಡಿಮೆ ಬಿದ್ದರೆ ಅದೇ ಖಾಲಿ ಜಾಗದಲ್ಲಿರುವ ದೀಪಗಳು ಸೇರಿಕೊಳ್ಳುತ್ತವೆ.

ಇಡೀ ಕಟ್ಟಡವನ್ನು ಹೊತ್ತಿರುವುದು ಮೂರು ದಪ್ಪ ಕಾಂಕ್ರೀಟ್ ಗೋಡೆಗಳು. ಅವನ್ನು ಅಂಚಿನ ಕಡೆ ನಿಲ್ಲಿಸಿದ್ದಾರೆ. ಮೆಟ್ಟಿಲು, ಲಿಫ್ಟ್ ಎಲ್ಲ ಅವುಗಳ ಹಿಂದೆ. ನಡುವೆ ಒಂದೂ ಕಂಬ ಇಲ್ಲದ ಕೋಣೆ. ಗಾಳಿಯ ಸಮಸ್ಯೆಗೂ ಉತ್ತರ ಈ ಕಾಂಕ್ರೀಟಿನಲ್ಲೇ ಇದೆ. ಗೋಡೆ, ನೆಲಗಳ ಒಳಗೆ ಒಟ್ಟು 28 ಕಿಲೋಮೀಟರ್ ಪೈಪ್ ಹುದುಗಿಸಿದ್ದಾರೆ. ಅವುಗಳಲ್ಲಿ ನೀರು ಹರಿಯುತ್ತದೆ. ಬೇಸಿಗೆಯಲ್ಲಿ ನೆಲದಾಳದ ತಂಪು ಆ ನೀರಿನಲ್ಲಿ ಬರುತ್ತದೆ, ಚಳಿಗಾಲದಲ್ಲಿ ಬಿಸಿ ನೀರು. ಕಾಂಕ್ರೀಟ್ ತೂಕದ ವಸ್ತು, ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ತಣಿಯುತ್ತದೆ. ಹೀಗಾಗಿ ಕೋಣೆಯ ಉಷ್ಣತೆ ತಟ್ಟನೆ ಏರಿಳಿಯುವುದಿಲ್ಲ. ದೊಡ್ಡ ಕೊಳವೆಗಳಲ್ಲಿ ಗಾಳಿ ಊದುವ ಯಂತ್ರಗಳ ಕೆಲಸ ಬಹಳ ಕಡಿಮೆ, ಉಸಿರಾಡಲು ಬೇಕಾದಷ್ಟು ಹೊಸ ಗಾಳಿ ಕೊಟ್ಟರೆ ಸಾಕು. (ಗೋಡೆಯೊಳಗೆ ನೀರು ಹರಿಯುವ ಕಟ್ಟಡದಲ್ಲಿ ಡ್ರಿಲ್ ಹಿಡಿದವರು ಎರಡು ಸಲ ಯೋಚಿಸಲೇಬೇಕು, ಅದು ಬೇರೆ ಮಾತು.)

ಕೆಫೆ, ಅಂಗಡಿ, ಆಡಳಿತದ ಕಚೇರಿ ಒಂದೂ ಈ ಕಟ್ಟಡದಲ್ಲಿಲ್ಲ. ಪಕ್ಕದಲ್ಲಿ ಬೇರೆ ಕಪ್ಪು ಕಟ್ಟಡ ಕಟ್ಟಿ ಅವನ್ನೆಲ್ಲ ಅಲ್ಲಿಗೆ ಕಳಿಸಿದ್ದಾರೆ. ಮ್ಯೂಸಿಯಂ ಕಟ್ಟಡದಲ್ಲಿ ಕಲೆ ಮಾತ್ರ. ಇದು ಝುಮ್ಟೋರ್‌ರ ಹಟ ಅನ್ನಿಸಬಹುದು, ಆದರೆ ಅದರಿಂದ ಆದ ಲಾಭ ದೊಡ್ಡದು. ಕಾಫಿಯ ಹಬೆ, ಅಡುಗೆಯ ವಾಸನೆ, ಬಾಗಿಲು ತೆಗೆದು ಹಾಕುವ ಗದ್ದಲ ಇವೆಲ್ಲ ಕೃತಿಗಳಿಂದ ದೂರ ಉಳಿದವು.

ಒಳಗೆ ಏನು ಬರುತ್ತದೋ ಗೊತ್ತಿಲ್ಲ ಅನ್ನುವ ಪ್ರಶ್ನೆಗೆ ಝುಮ್ಟೋರ್ ಕೊಟ್ಟ ಉತ್ತರ ತಿರುವುಮುರುವಾದದ್ದು. ಸಾಮಾನ್ಯವಾಗಿ ಏನು ಬಂದರೂ ಹೊಂದಿಕೊಳ್ಳುವ ಹಾಗೆ ಸರಿದಾಡುವ ಗೋಡೆ, ಬದಲಾಗುವ ಸೀಲಿಂಗ್ ಮಾಡುತ್ತಾರೆ. ಇವರು ಒಂದನ್ನೂ ಮಾಡಲಿಲ್ಲ. ಒಂದೇ ಥರದ ಗಟ್ಟಿ ಕೋಣೆಯನ್ನು ಒಂದರ ಮೇಲೊಂದು ಮೂರು ಸಲ ಇಟ್ಟರು. ಈ ಕೋಣೆಗೆ ಎಷ್ಟು ಗುಣ ಇದೆ ಅಂದರೆ ಕಲಾವಿದ ಅದನ್ನು ಕಡೆಗಣಿಸುವ ಹಾಗಿಲ್ಲ. ಅದರ ಜೊತೆ ಜಗಳವನ್ನೋ ಸ್ನೇಹವನ್ನೋ ಮಾಡಬೇಕು. ಮೊದಲ ಪ್ರದರ್ಶನ ಮಾಡಿದ ಜೇಮ್ಸ್ ಟರೆಲ್ ಬೆಳಕಿನ ಕಲಾವಿದ. ಅವರು ಕಟ್ಟಡವನ್ನೇ ರಾತ್ರಿ ಬಣ್ಣಬಣ್ಣದ ಬೆಳಕಿನಲ್ಲಿ ಮುಳುಗಿಸಿದರು. ಎಲಿಯಾಸನ್ ಒಂದೇ ಥರದ ಮಹಡಿಗಳನ್ನು ಒಂದೊಂದು ಥರದ ಭೂಮಿ ಮಾಡಿದರು. ಸಣ್ಣ ಸಣ್ಣ ಚಿತ್ರಗಳ ಪ್ರದರ್ಶನಕ್ಕೆ ಮಾತ್ರ ಈ ಕಟ್ಟಡ ಕಷ್ಟ. ಬೂದು ಕಾಂಕ್ರೀಟಿನ ಮುಂದೆ ಒಂದಡಿ ಚೌಕದ ಚಿತ್ರ ಕಳೆದುಹೋಗುತ್ತದೆ. ಎಲ್ಲರನ್ನೂ ಮೆಚ್ಚಿಸಲು ಹೋಗದ ಕಟ್ಟಡ ಇದು.

ಇನ್ನೂ ಕೆಲವು ಉತ್ತರಗಳು

ಸ್ಪೇನ್‌ನ ಕ್ಯಾಸ್ಟೀಲ್ ಮತ್ತು ಲಿಯೋನ್ ಪ್ರಾಂತ್ಯದ ಸಮಕಾಲೀನ ಕಲಾ ಮ್ಯೂಸಿಯಂ ಲಿಯೋನ್ ನಗರದಲ್ಲಿದೆ. ಚಿಕ್ಕದಾಗಿ ಮುಸಾಕ್ ಅನ್ನುತ್ತಾರೆ. 2005ರಲ್ಲಿ ತೆರೆದದ್ದು, ಲೂಯಿಸ್ ಮಾನ್ಸಿಯಾ ಮತ್ತು ಎಮಿಲಿಯೋ ತುನ್ಯೋನ್ ಅವರ ವಿನ್ಯಾಸ. ಪ್ರಾಂತ್ಯದ ಮ್ಯೂಸಿಯಂ ಅಂದ ಮೇಲೆ ಪ್ರಾಂತ್ಯದ ಗುರುತು ಬೇಕು ಎಂಬ ಒತ್ತಾಯ ಇದ್ದೇ ಇರುತ್ತದೆ. ಅದನ್ನು ಇವರು ಹೊರಗೋಡೆಯಲ್ಲೇ ಮುಗಿಸಿದರು. ಲಿಯೋನ್‌ನ ಹಳೆಯ ಕೆಥೀಡ್ರಲ್ ತನ್ನ ಬಣ್ಣದ ಗಾಜಿಗೆ ಹೆಸರುವಾಸಿ. ಅಲ್ಲಿನ ಒಂದು ಕಿಟಕಿಯ ಚಿತ್ರ ತೆಗೆದು, ಕಂಪ್ಯೂಟರ್‌ನಲ್ಲಿ ಚೌಕ ಚೌಕ ಮಾಡಿ, ಸಿಕ್ಕ ಬಣ್ಣಗಳ ಗಾಜನ್ನು ಮುಂದಿನ ಅಂಗಳದ ಗೋಡೆಗೆ ಹಾಕಿದರು. ಒಳಗೆ ಬಂದರೆ ಬಣ್ಣದ ಸುಳಿವಿಲ್ಲ. ಅಲ್ಲಿ ಕಾಂಕ್ರೀಟ್ ಗೋಡೆ, ಸಾಲಾಗಿ ಹೋಗುವ ತೊಲೆಗಳು.

ಅದರ ನೆಲನಕ್ಷೆ ನನಗೆ ಹೊರಗೋಡೆಗಿಂತ ಇಷ್ಟ. ಚೌಕ ಮತ್ತು ವಜ್ರಾಕಾರ, ಎರಡೇ ಆಕಾರಗಳನ್ನು ಹೆಣೆದು ಇಡೀ ಮ್ಯೂಸಿಯಂ ಮಾಡಿದ್ದಾರೆ. ಒಂದೇ ಅಂತಸ್ತು. ಹೊಸ ಕೋಣೆ ಬೇಕೆಂದರೆ ಅದೇ ಹೆಣಿಗೆಯನ್ನು ಮುಂದುವರಿಸಬಹುದು, ಕಟ್ಟಡ ಅರ್ಧಕ್ಕೆ ನಿಂತ ಹಾಗೆ ಕಾಣುವುದಿಲ್ಲ. ಈ ಮ್ಯೂಸಿಯಂ ಸಂಗ್ರಹಿಸುವುದು 1992ರಿಂದ ಈಚೆಗಿನ ಕಲೆಯನ್ನು. ಅಂದರೆ ಸಂಗ್ರಹ ಯಾವತ್ತೂ ಮುಗಿಯುವುದಿಲ್ಲ. ಮುಗಿಯದ ಸಂಗ್ರಹಕ್ಕೆ ಮುಗಿಯದ ನಕ್ಷೆ, ಸರಿಯಾಗಿ ಹೊಂದುತ್ತದೆ.

ಜಪಾನಿನ ಕನಜವಾ ನಗರದ ಮ್ಯೂಸಿಯಂ ಇನ್ನೊಂದು ದಾರಿ ಹಿಡಿಯಿತು. ಸನಾ ಎಂಬ ವಾಸ್ತುಶಿಲ್ಪ ಸಂಸ್ಥೆಯ ಕಜುಯೊ ಸೆಜಿಮಾ ಮತ್ತು ರ್ಯೂಯೆ ನಿಶಿಜಾವಾ 2004ರಲ್ಲಿ ಮಾಡಿದ್ದು. ಸುಮಾರು 113 ಮೀಟರ್ ಅಡ್ಡಳತೆಯ ವೃತ್ತ, ಸುತ್ತ ಪಾರದರ್ಶಕ ಗಾಜು. ಒಳಗೆ ಬೇರೆ ಬೇರೆ ಅಳತೆಯ ಡಬ್ಬಿಗಳನ್ನು ಚದುರಿಸಿಟ್ಟಿದ್ದಾರೆ. ಕೆಲವು 4 ಮೀಟರ್ ಎತ್ತರ, ಕೆಲವು 12. ಏನು ಬರುತ್ತದೋ ಗೊತ್ತಿಲ್ಲ ಅಂದರೆ ಎಲ್ಲ ಅಳತೆಯದೂ ಒಂದೊಂದು ಇರಲಿ ಎಂಬ ಲೆಕ್ಕ. ಡಬ್ಬಿಗಳ ನಡುವಿನ ಓಣಿಗಳನ್ನು ಬೇಕಾದ ಕಡೆ ಮುಚ್ಚಿ, ಟಿಕೆಟ್ ಬೇಕಾದ ಭಾಗವನ್ನು ದೊಡ್ಡದು ಚಿಕ್ಕದು ಮಾಡಬಹುದು. ಹೊರವಲಯಕ್ಕೆ ಟಿಕೆಟ್ ಬೇಡ, ಯಾರು ಬೇಕಾದರೂ ಬರಬಹುದು. ವೃತ್ತಕ್ಕೆ ಮುಂದುಗಡೆ ಹಿಂದುಗಡೆ ಇಲ್ಲ, ಬಾಗಿಲು ಹಲವು ದಿಕ್ಕಿಗೆ. ಪೇಟೆಯಿಂದ ಪಾರ್ಕಿಗೆ ಹೋಗುವವರು ಮ್ಯೂಸಿಯಂ ಒಳಗಿಂದಲೇ ದಾಟಿಕೊಂಡು ಹೋಗಬಹುದು. ಐದು ಲಕ್ಷ ಜನವೂ ಇಲ್ಲದ ಊರಿನ ಈ ಮ್ಯೂಸಿಯಂಗೆ ಮೊದಲ ವರ್ಷದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು.

ಈ ಗಾಜಿಗೆ ಒಂದು ಬೆಲೆಯೂ ಇತ್ತು. 2024ರ ಜನವರಿ 1ರಂದು ನೋಟೋ ಪರ್ಯಾಯದ್ವೀಪದಲ್ಲಿ ದೊಡ್ಡ ಭೂಕಂಪ ಆಯಿತು. ಕನಜವಾದಲ್ಲೂ ನೆಲ ಅಲುಗಿತು. ಗ್ಯಾಲರಿಗಳ ಸೀಲಿಂಗ್‌ನಿಂದ ಗಾಜಿನ ಹಲಗೆಗಳು ಬಿದ್ದವು. ಪ್ರದರ್ಶನದ ಭಾಗವನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಬೆಳಕನ್ನು ಮೆತ್ತಗೆ ಮಾಡಲು ಹಾಕಿದ ಗಾಜು ತಲೆಯ ಮೇಲೆ ತೂಗುವ ಭಾರವೂ ಹೌದು. ಚಿತ್ರಗಳಲ್ಲಿ ಹಗುರವಾಗಿ ಕಾಣುವ ಕಟ್ಟಡಗಳನ್ನು ನೋಡುವಾಗ ಇದು ಸುಲಭವಾಗಿ ಮರೆತುಹೋಗುತ್ತದೆ.

ನಿಶಿಜಾವಾ ಒಬ್ಬರೇ ಮಾಡಿದ ತೊವಾಡಾ ಆರ್ಟ್ ಸೆಂಟರ್ ಇದಕ್ಕೆ ಪೂರ್ತಿ ಉಲ್ಟಾ. ಜಪಾನಿನ ಉತ್ತರದ ಸಣ್ಣ ಊರು ಅದು, ಸೆಂಟರ್ ತೆರೆದದ್ದು 2008ರಲ್ಲಿ. ಅಲ್ಲಿ ಮೊದಲೇ ಕಲಾವಿದರನ್ನು ಆರಿಸಿ, ಒಂದೊಂದು ಕೃತಿಗೂ ಅದರದೇ ಬಿಳಿ ಡಬ್ಬಿ ಕಟ್ಟಿ, ಗಾಜಿನ ಓಣಿಗಳಿಂದ ಜೋಡಿಸಿದರು. ರಾನ್ ಮ್ಯೂಕ್ ಮಾಡಿದ 4 ಮೀಟರ್ ಎತ್ತರದ ಹೆಂಗಸು ಒಂದು ಕೋಣೆಯಲ್ಲಿ ಖಾಯಂ ನಿಂತಿದ್ದಾಳೆ. ಅನಿಶ್ಚಯವನ್ನೇ ತೆಗೆದುಹಾಕಿದರೆ ಕೆಲಸ ಸುಲಭ, ಕೃತಿಗೂ ಕೋಣೆಗೂ ಸಂಬಂಧ ಅಚ್ಚುಕಟ್ಟು. ಆದರೆ ಒಮ್ಮೆ ನೋಡಿದ ಊರಿನವರು ಮತ್ತೆ ಯಾಕೆ ಬರಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ. ಅದಕ್ಕೇ ಅಲ್ಲೂ ಬದಲಾಗುವ ಪ್ರದರ್ಶನಗಳಿಗೆ ಜಾಗ ಇಟ್ಟುಕೊಂಡಿದ್ದಾರೆ.

ಡಂಕರ್ಕ್: ಕಟ್ಟಲು ಕೊಟ್ಟ ಜಾಗವನ್ನು ಖಾಲಿ ಬಿಟ್ಟವರು

ನನಗೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸಿದ ಉತ್ತರ ಫ್ರಾನ್ಸಿನ ಉತ್ತರ ತುದಿಯ ಬಂದರು ಡಂಕರ್ಕ್‌ನಲ್ಲಿದೆ. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು.

1982ರಲ್ಲಿ ಫ್ರಾನ್ಸ್ ಸರ್ಕಾರ ಕಲೆಯನ್ನು ಪ್ಯಾರಿಸ್‌ನಿಂದ ಹೊರಗೆ ತರಬೇಕೆಂದು ಪ್ರಾಂತ್ಯಗಳ ಜೊತೆ ಸೇರಿ ಒಂದು ವ್ಯವಸ್ಥೆ ಮಾಡಿತು. ಆಗ ಸಂಸ್ಕೃತಿ ಸಚಿವರಾಗಿದ್ದವರು ಜಾಕ್ ಲಾಂಗ್. ಪ್ರತಿ ಪ್ರಾಂತ್ಯಕ್ಕೂ ಒಂದು ಸಮಕಾಲೀನ ಕಲಾ ನಿಧಿ. ಇವನ್ನು ಫ್ರಾಕ್ ಅಂತ ಕರೆಯುತ್ತಾರೆ. ಕೇಂದ್ರ ಮತ್ತು ಪ್ರಾಂತ್ಯ ಎರಡೂ ಹಣ ಕೊಡುತ್ತವೆ. ಕೆಲಸ ಏನೆಂದರೆ, ಬದುಕಿರುವ ಕಲಾವಿದರ ಕೃತಿ ಕೊಳ್ಳುವುದು, ಪ್ರಾಂತ್ಯದ ಒಳಗೆ ಓಡಾಡಿಸುವುದು. ಶಾಲೆಗೆ, ಆಸ್ಪತ್ರೆಗೆ, ಸಣ್ಣ ಊರಿನ ಸಭಾಂಗಣಕ್ಕೆ. ಮ್ಯೂಸಿಯಂ ಕಟ್ಟಡ ಬೇಕೆಂಬ ಯೋಚನೆಯೇ ಶುರುವಿನಲ್ಲಿ ಇರಲಿಲ್ಲ. ಸಂಗ್ರಹ ಬೆಳೆಯುತ್ತಾ ಹೋದ ಹಾಗೆ ಇಡಲು ಜಾಗ ಸಾಲದಾಯಿತು. ಹೀಗೆ 2012, 2013ರ ಹೊತ್ತಿಗೆ ಸಾಲುಸಾಲಾಗಿ ಹೊಸ ಕಟ್ಟಡಗಳು ಬಂದವು. ಅವುಗಳ ವಾಸ್ತುಶಿಲ್ಪಿಗಳು ರೆನ್‌ನಲ್ಲಿ ಒಡೀಲ್ ಡೆಕ್, ಮಾರ್ಸೇ ಮತ್ತು ಬೆಸಾನ್ಸೋನ್‌ನಲ್ಲಿ ಕೆಂಗೊ ಕುಮಾ, ಓರ್ಲಿಯಾನ್‌ನಲ್ಲಿ ಜಾಕೋಬ್ ಮತ್ತು ಮ್ಯಾಕ್‌ಫರ್ಲೇನ್. ಬೋರ್ಡೋದ್ದು ತಡವಾಗಿ, 2019ರಲ್ಲಿ ಬಂತು.

ಈ ಕಟ್ಟಡಗಳ ಹೃದಯ ಗ್ಯಾಲರಿಯಲ್ಲ, ಗೋದಾಮು. ಕೃತಿಗಳು ಸದಾ ಹೋಗುತ್ತಾ ಬರುತ್ತಾ ಇರುತ್ತವೆ. ಲಾರಿ ಬಂದು ನಿಲ್ಲುವ ಜಾಗ, ಮರದ ಕ್ರೇಟ್ ಬಿಚ್ಚುವ ಕೋಣೆ, ಬಿಚ್ಚುವ ಮೊದಲು ಕ್ರೇಟ್ ಒಂದು ದಿನ ಸುಮ್ಮನೆ ಕೂತು ಒಳಗಿನ ಹವೆಗೆ ಒಗ್ಗುವ ಜಾಗ, ಫೋಟೋ ತೆಗೆಯುವ ಕೋಣೆ, ದುರಸ್ತಿಯ ಮೇಜು. ಪತ್ರಿಕೆಗಳಲ್ಲಿ ಬರುವ ಚಿತ್ರಗಳಲ್ಲಿ ಇದೊಂದೂ ಕಾಣುವುದಿಲ್ಲ.

ಡಂಕರ್ಕ್‌ನಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದು 1987ರಲ್ಲಿ ಮುಚ್ಚಿತ್ತು. ಹೆಚ್ಚಿನದನ್ನು ಕೆಡವಿದ ಮೇಲೂ 1949ರಲ್ಲಿ ಕಟ್ಟಿದ ಒಂದು ದೈತ್ಯ ವರ್ಕ್‌ಶಾಪ್ ಉಳಿದುಕೊಂಡಿತ್ತು. ಹಡಗಿನ ಭಾಗಗಳನ್ನು ಜೋಡಿಸುತ್ತಿದ್ದ ಹಾಲ್ ಅದು. ಊರಿನವರು ಕೆಥೀಡ್ರಲ್ ಅಂತಲೇ ಕರೆಯುತ್ತಿದ್ದರು. ಇದರೊಳಗೆ ಫ್ರಾಕ್‌ನ ಗೋದಾಮು, ಗ್ಯಾಲರಿ, ಕಚೇರಿ ಕೂರಿಸಬೇಕು ಎಂದು ಸ್ಪರ್ಧೆ ಕರೆದರು. ಯಾರಾದರೂ ಏನು ಮಾಡುತ್ತಾರೆ? ಹಾಲ್‌ನೊಳಗೆ ಮಹಡಿಗಳನ್ನು ತುಂಬುತ್ತಾರೆ. ವಾಸ್ತುಶಿಲ್ಪಿಗಳಾದ ಆನ್ ಲಕಟೋನ್ ಮತ್ತು ಜಾನ್ ಫಿಲಿಪ್ ವಾಸಾಲ್ ಹಾಗೆ ಮಾಡಲಿಲ್ಲ. ಹಳೆಯ ಹಾಲ್‌ನ ಬೆಲೆ ಇರುವುದೇ ಅದರ ಖಾಲಿತನದಲ್ಲಿ, ತುಂಬಿದರೆ ಅದು ಹಾಳಾಗುತ್ತದೆ ಎಂದು ಅದನ್ನು ಮುಟ್ಟದೆ ಬಿಟ್ಟರು. ಅದರ ಪಕ್ಕಕ್ಕೆ, ಸಮುದ್ರದ ಕಡೆ, ಅದೇ ಅಳತೆಯ, ಅದೇ ಆಕಾರದ ಇನ್ನೊಂದು ಕಟ್ಟಡ ನಿಲ್ಲಿಸಿದರು. ಒಂದು ಕಾಂಕ್ರೀಟಿನ ದಪ್ಪ ಹಾಲ್, ಅದಕ್ಕೆ ಅಂಟಿಕೊಂಡು ಅದರದೇ ಪಾರದರ್ಶಕ ಅವಳಿ. 2013ರಲ್ಲಿ ತೆರೆಯಿತು.

ಇಷ್ಟು ದೊಡ್ಡ ಇನ್ನೊಂದು ಕಟ್ಟಡಕ್ಕೆ ಹಣ ಎಲ್ಲಿಂದ ಬಂತು? ಸ್ಪರ್ಧೆಗೆ ಇಟ್ಟಿದ್ದ ಹಣದಲ್ಲೇ ಆಯಿತು, ಸುಮಾರು 1.2 ಕೋಟಿ ಯೂರೋ. ಇದು ಸಾಧ್ಯವಾದದ್ದು ಕಟ್ಟಡವನ್ನು ಎರಡು ಪದರ ಮಾಡಿದ್ದರಿಂದ. ಒಳಗೆ, ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದ ಕಾಂಕ್ರೀಟ್ ತುಂಡುಗಳಿಂದ ಜೋಡಿಸಿದ ಸಾದಾ ಮಹಡಿಗಳು. ಗೋದಾಮು, ಗ್ಯಾಲರಿಗಳಂಥ ಬಿಗಿ ಹವೆ ಬೇಕಾದ ಜಾಗಗಳು ಇದರಲ್ಲಿ. ಹೊರಗೆ, ಒಂದು ತೆಳ್ಳನೆಯ ಹೊದಿಕೆ. ಗಾಳಿ ತುಂಬಿದ ಇಟಿಎಫ್‌ಇ ಪ್ಲಾಸ್ಟಿಕ್ ದಿಂಬುಗಳು ಮತ್ತು ಪಾಲಿಕಾರ್ಬೊನೇಟ್ ಶೀಟು. ಇಟಿಎಫ್‌ಇ ಗಾಜಿನ ನೂರರಲ್ಲಿ ಒಂದು ಪಾಲಿನಷ್ಟೇ ತೂಗುತ್ತದೆ, ಹಾಗಾಗಿ ಅದನ್ನು ಹೊರುವ ಉಕ್ಕೂ ಕಡಿಮೆ ಸಾಕು. ಹೊದಿಕೆಗೂ ಒಳಗಿನ ಮಹಡಿಗಳಿಗೂ ನಡುವೆ ಇರುವ ಜಾಗ ಹಸಿರುಮನೆಯ ಥರ ಕೆಲಸ ಮಾಡುತ್ತದೆ. ಬಿಸಿಲು ಬಂದಾಗ ತಾನೇ ಬೆಚ್ಚಗಾಗುತ್ತದೆ, ಸೆಕೆಯಾದರೆ ತೆರೆದು ಗಾಳಿಯಾಡಿಸಬಹುದು. ಅಲ್ಲಿ 20 ಡಿಗ್ರಿಯ ಹಟ ಇಲ್ಲ. ಓಡಾಡುವವರು ಚಳಿಗಾಲದಲ್ಲಿ ಕೋಟು ಹಾಕಿಕೊಂಡೇ ಓಡಾಡಲಿ, ಅಷ್ಟೇ.

ಇಲ್ಲಿ ಹಿಂದೆ ಹೇಳಿದ ಹವೆಯ ನಿಯಮ ಮತ್ತೆ ಬರುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಹವೆ ಬೇಕು ಅಂತ ಹಟ ಹಿಡಿದರೆ ಡಂಕರ್ಕ್‌ನಂಥದ್ದು ಆಗುವುದಿಲ್ಲ. ಯಾವುದಕ್ಕೆ ಬಿಗಿ ಬೇಕು, ಯಾವುದಕ್ಕೆ ಬೇಡ ಅಂತ ಬಿಡಿಸಿ ನೋಡಿದ್ದರಿಂದ ಆಯಿತು. ಆಮೇಲೆ ದೊಡ್ಡ ಮ್ಯೂಸಿಯಂಗಳೂ ಇದೇ ದಾರಿಗೆ ಬಂದವು. ಪ್ರಪಂಚದ ಪ್ರಮುಖ ಮ್ಯೂಸಿಯಂ ನಿರ್ದೇಶಕರ ಬಿಜೋ ಗುಂಪು ಒಪ್ಪಿಕೊಂಡ ಹಸಿರು ನಿಯಮಾವಳಿ 16ರಿಂದ 25 ಡಿಗ್ರಿ, 40ರಿಂದ 60 ಶೇಕಡಾ ತೇವಾಂಶವನ್ನು ಹೆಚ್ಚಿನ ಕೃತಿಗಳಿಗೆ ಸಾಕು ಅನ್ನುತ್ತದೆ. ಏರಿಳಿತ ನಿಧಾನವಾಗಿರಬೇಕು, ಅದೇ ಮುಖ್ಯ ಷರತ್ತು. ತೀರ ನಾಜೂಕಾದವಕ್ಕೆ ಬೇರೆ ಪೆಟ್ಟಿಗೆ ಮಾಡಿಕೊಳ್ಳಬಹುದು. ಸಣ್ಣ ಪ್ರಾಂತ್ಯದ ಮ್ಯೂಸಿಯಂಗೆ ಇದರಿಂದ ಉಳಿಯುವ ಹಣ ಕಡಿಮೆಯಲ್ಲ.

ಲಕಟೋನ್ ಮತ್ತು ವಾಸಾಲ್ ಇಂಥ ಉತ್ತರ ಕೊಟ್ಟದ್ದು ಅದೇ ಮೊದಲಲ್ಲ. 1996ರಲ್ಲಿ ಬೋರ್ಡೋದ ಒಂದು ಸಣ್ಣ ಚೌಕವನ್ನು ಚಂದ ಮಾಡಿಕೊಡಿ ಅಂದಾಗ, ಇದು ಈಗಲೇ ಚೆನ್ನಾಗಿದೆ, ಜಲ್ಲಿ ಬದಲಿಸಿ, ಮರಗಳನ್ನು ನೋಡಿಕೊಳ್ಳಿ ಸಾಕು ಅಂದಿದ್ದರು. 2021ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಬಂತು.

ಡಂಕರ್ಕ್‌ನ ಉತ್ತರದಲ್ಲಿ ತೊಡಕಿಲ್ಲ ಅಂತಲ್ಲ. ಪ್ಲಾಸ್ಟಿಕ್ ಹೊದಿಕೆಗೆ ಕಾಂಕ್ರೀಟಿನ ಆಯಸ್ಸು ಇಲ್ಲ. ದಿಂಬುಗಳಲ್ಲಿ ಗಾಳಿ ತುಂಬಿಯೇ ಇರಬೇಕು, ಅದಕ್ಕೆ ಸಣ್ಣ ಪಂಪುಗಳು ಓಡುತ್ತಲೇ ಇರಬೇಕು. ಸಮುದ್ರದ ಉಪ್ಪುಗಾಳಿ ಬೇರೆ. ಇದಕ್ಕಿಂತ ದೊಡ್ಡ ತೊಡಕು ಆ ಖಾಲಿ ಹಾಲ್‌ನದೇ. ಅದನ್ನು ಹಾಗೇ ಇಟ್ಟುಕೊಳ್ಳುವುದು ಅಗ್ಗ. ಬಿಸಿ ಮಾಡಬೇಕಿಲ್ಲ, ತಂಪು ಮಾಡಬೇಕಿಲ್ಲ. ಅಲ್ಲಿ ಸಂಗೀತ ಕಚೇರಿ ಮಾಡಬಹುದು, ಜಾತ್ರೆಯಂಥದ್ದು ಮಾಡಬಹುದು. ಆದರೆ ಹಡಗಿನ ಅಳತೆಯ ಆ ಜಾಗದಲ್ಲಿ ಒಂದು ಕಲಾಕೃತಿ ನಿಲ್ಲಬೇಕೆಂದರೆ ಅದೂ ಹಡಗಿನ ಅಳತೆಯದ್ದೇ ಆಗಿರಬೇಕು. ಅಂಥದ್ದನ್ನು ಮಾಡಿಸಲು, ಸಾಗಿಸಲು, ನಿಲ್ಲಿಸಲು ತಗಲುವ ಹಣ ಪ್ರಾಂತ್ಯದ ಒಂದು ನಿಧಿಗೆ ವರ್ಷವರ್ಷವೂ ಹುಟ್ಟುವಂಥದ್ದಲ್ಲ. ವಾಸ್ತುಶಿಲ್ಪಿಗಳು ಒಳಗೆ ಏನು ಬೇಕಾದರೂ ಬರಲಿ ಎಂದು ಜಾಗ ಬಿಟ್ಟುಕೊಟ್ಟರು. ಏನು ತರಬೇಕು, ಯಾವ ದುಡ್ಡಿನಲ್ಲಿ ತರಬೇಕು ಅನ್ನುವುದು ಈಗ ಪ್ರದರ್ಶನ ರೂಪಿಸುವ ಕ್ಯುರೇಟರ್‌ಗಳ ತಲೆಗೆ ಬಿದ್ದಿದೆ.